ಗೋಡೆಯೊಳಗಿನ ಸ್ವಿಚ್ಚು

ಅಕ್ಷರಕ್ಕಿಂತ ಮೊದಲು ನಮ್ಮ ಓಣಿಯ ಮಕ್ಕಳಿಗೆ ಕಲಿಸಲಾಗುತ್ತಿದ್ದ ವಿದ್ಯೆಯೊಂದು ಆ ಕಾಲದಲ್ಲಿತ್ತು: ಗೋಡೆಯ ಹೊರಗೆ ನಿಂತು ಕೂಗುವುದು. ಗೋಡೆ ಸಾಹುಕಾರರದು. ಅದರೊಳಗೆ, ಅಂಗಳದ ಬೇವಿನ ಮರದ ಪಕ್ಕದಲ್ಲಿ ಒಂದು ಕಬ್ಬಿಣದ ಡಬ್ಬಿ, ಡಬ್ಬಿಯಲ್ಲಿ ಪಂಚಾಯಿತಿಯ ಬೋರ್‌ವೆಲ್ಲಿನ ಸ್ವಿಚ್ಚು. ಬೋರ್‌ವೆಲ್ ಇದ್ದುದು ನಮ್ಮ ಓಣಿಯಲ್ಲಿ, ನಲ್ಲಿ ಇದ್ದುದು ನಮ್ಮ ಓಣಿಯಲ್ಲಿ, ಕರೆಂಟಿನ ಬಿಲ್ಲು ಕಟ್ಟುತ್ತಿದ್ದುದು ಪಂಚಾಯಿತಿ. ನೀರು ಬರಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ಸಾಹುಕಾರರದು. ಡಬ್ಬಿಯನ್ನು ಓಣಿಯಲ್ಲಿಟ್ಟರೆ ಕಳುವಾಗುತ್ತದೆ, ಜವಾಬ್ದಾರಿಯುಳ್ಳವರ ಮನೆಯಲ್ಲಿರಲಿ ಎಂದು ಅದನ್ನು ಕೂಡಿಸಲು ಬಂದವರು ಹೇಳಿದ್ದರಂತೆ. ನಾವು ಕಳ್ಳರು, ಅವರು ಜವಾಬ್ದಾರರು. ಇಷ್ಟು ಸರಳವಾಗಿ ಒಂದು ಊರಿನ ಸಂವಿಧಾನವನ್ನು ಬರೆದು ಮುಗಿಸಲಾಗಿತ್ತು.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವಮಾನ ಒಂದೇ ಊರಿನದಾಗುತ್ತದೆ. ಬರೆಯದಿದ್ದರೆ ಎಲ್ಲ ಊರುಗಳಿಗೂ ಅದರಲ್ಲಿ ಪಾಲು ಸಿಗುತ್ತದೆ. ಶಹಾಬಾದಿನಿಂದ ವಾಡಿಯ ಕಡೆಗೆ ಹೋಗುವಾಗ ರಸ್ತೆಯ ಎರಡೂ ಬದಿಗೆ ಫರ್ಸಿ ಕಲ್ಲಿನ ಖಣಿಗಳು ಸಿಗುತ್ತವೆ. ಹಾಗೆ ಸಿಗುವ ಊರುಗಳಲ್ಲಿ ನಮ್ಮದೂ ಒಂದು ಎಂದರೆ ಸಾಕು. ನಮ್ಮಲ್ಲಿ ನೆಲ ಫರ್ಸಿ, ಗೋಡೆ ಫರ್ಸಿ, ಮಾಡು ಫರ್ಸಿ. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲಿಟ್ಟವರು ನಡೆಯುತ್ತಿರಲಿಲ್ಲ, ಜಿಗಿಯುತ್ತಿದ್ದರು. ಶಾಲೆಗೆ ರಜೆ. ಮೇಲಿನ ಓಣಿಯ ಮಾಳಿಗೆಗಳಲ್ಲಿ ಸಂಡಿಗೆ, ಹಪ್ಪಳ ಒಣಗುತ್ತಿದ್ದವು. ನಮ್ಮ ಓಣಿಯಲ್ಲಿ ಒಣಗುತ್ತಿದ್ದುದು ಬಿಂದಿಗೆಗಳು. ನಲ್ಲಿಯ ಮುಂದೆ ಅವು ಪಾಳಿಯಲ್ಲಿ ಕುಳಿತಿರುತ್ತಿದ್ದವು. ಬಿಂದಿಗೆ ಇಲ್ಲದವರು ತಮ್ಮ ಪಾಳಿಗೆ ಒಂದು ಕಲ್ಲಿಡುತ್ತಿದ್ದರು. ಪಾಳಿ ಕಾಯುತ್ತಾ ನಾವು ಹುಡುಗಿಯರು ಖಣಿಯ ಚೂರುಗಳಲ್ಲಿ ಗಜಗ ಆಡುತ್ತಿದ್ದೆವು. ಆಟದ ನಡುವೆ ಯಾರಾದರೊಬ್ಬ ತಾಯಿ ಬಾಗಿಲಿಗೆ ಬಂದು, "ಹೋಗ್ರೆಬೇ, ಒದರಿ ಬರ್ರಿ" ಎನ್ನುವಳು. ನಾವು ಓಡಿಹೋಗಿ ಗೋಡೆಗೆ ಬಾಯಿ ಹಚ್ಚಿ ಕೂಗುತ್ತಿದ್ದೆವು: "ಸ್ವಿಚ್ ಹಾಕ್ರೀ! ಎಪ್ಪಾ, ಸ್ವಿಚ್ ಹಾಕ್ರೀ!"

ಈ ಕೆಲಸಕ್ಕೆ ಮಕ್ಕಳನ್ನೇ ಏಕೆ ಕಳುಹಿಸುತ್ತಿದ್ದರೆಂಬುದು ಬಹಳ ತಡವಾಗಿ ಅರ್ಥವಾಯಿತು. ದೊಡ್ಡವರು ಕೂಗಿದರೆ ಅದು ಬೇಡುವುದು; ಮಕ್ಕಳು ಕೂಗಿದರೆ ಅದು ಆಟ. ನಮ್ಮ ಗಂಟಲನ್ನು ಖರ್ಚು ಮಾಡಿ ನಮ್ಮ ಹಿರಿಯರು ತಮ್ಮ ಮಾನವನ್ನು ಉಳಿಸಿಕೊಂಡಿದ್ದರು.

ಆ ಮಾನದ ಲೆಕ್ಕಾಚಾರಕ್ಕೆ ಸೇರದವಳು ನನ್ನ ಅತ್ತೆ ಕಾಶಿಬಾಯಿ. ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡಿದ್ದ. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಳು. ಖಣಿಯ ರಸ್ತೆ ತಿರುಗುವಲ್ಲಿ ತಗಡಿನ ಒಂದು ಅಂಗಡಿಯಲ್ಲಿ ಸುಸಲಾ, ಮಿರ್ಚಿ ಭಜಿ, ಚಹಾ ಮಾರುತ್ತಿದ್ದಳು. ನೆನೆಸಿ ಹಿಂಡಿದ ಚುರುಮುರಿಗೆ ಉಳ್ಳಾಗಡ್ಡಿ ಒಗ್ಗರಣೆ ಬೀಳುವ ಚೊಂಯ್ ಸದ್ದು, ಕಾದೆಣ್ಣೆಯಲ್ಲಿ ಹಸಿಮೆಣಸಿನಕಾಯಿ ಉಬ್ಬುವ ಘಾಟು, ಅದರ ಮೇಲೆ ಸದಾ ತೇಲುವ ಕಲ್ಲಿನ ಪುಡಿಯ ವಾಸನೆ: ನನ್ನ ಮಟ್ಟಿಗೆ ಅತ್ತೆ ಎಂದರೆ ಈ ಮೂರೂ ಬೆರೆತದ್ದು. ಲಾರಿಯವರು ಅವಳ ಮಿರ್ಚಿಗಿಂತ ಅವಳ ಬಾಯಿಗೆ ಹೆಚ್ಚು ಹೆದರುತ್ತಿದ್ದರು.

ಆ ಬೇಸಿಗೆಯ ಒಂದು ಮಧ್ಯಾಹ್ನ ಆಯಿಗೆ, ಅಂದರೆ ನನ್ನ ಅಜ್ಜಿಗೆ, ಮೈ ಕೆಂಡದಂತೆ ಸುಡುವ ಜ್ವರ. ಮನೆಯಲ್ಲಿ ಒದ್ದೆ ಅರಿವೆ ಇಡಲೂ ನೀರಿರಲಿಲ್ಲ. ನಾನು ಹೋಗಿ ಕೂಗಿದೆ. ಗೋಡೆ ಸುಮ್ಮನಿತ್ತು. ಮತ್ತೆ ಕೂಗಿದೆ. ಅಷ್ಟರಲ್ಲಿ ಅಂಗಡಿಯಿಂದ ಬಂದ ಅತ್ತೆ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, ತಾನೇ ಗೋಡೆಯ ಮುಂದೆ ನಿಂತಳು.

"ಯಾರದೀರಿ ಒಳಗ? ಜರಾ ಸ್ವಿಚ್ ಹಾಕ್ರಿ!"

ಒಳಗಿನಿಂದ ಆಳಿನ ದನಿ ಬಂತು. "ಸಾವ್ಕಾರ್ರು ಮಲಗ್ಯಾರ. ಡಬ್ಬಿ ಗುಂಯ್‌ಗುಡ್ತದ, ನಿದ್ದಿ ಕೆಡ್ತದ ಅಂತಾರ. ಸಂಜಿಗಿ ಬರ್ರಿ."

"ಹಂಗಾದ್ರ ಅವರ ನಿದ್ದೀನ ಒಂದ್ ಬಿಂದಿಗ್ಯಾಗ ತುಂಬಿ ಕೊಡಪ್ಪಾ, ಅದನ್ನರ ಕುಡೀತೀವಿ!"

ಓಣಿ ನಕ್ಕಿತು. ಒಳಗೆ ಮಲಗಿದ್ದವರೂ ಕೇಳಿಸಿಕೊಂಡಿರಬೇಕು. ಆ ಸಂಜೆಯೂ ನೀರು ಬರಲಿಲ್ಲ, ಮರುದಿನವೂ ಬರಲಿಲ್ಲ. ಒಂದು ಮಾತಿಗೆ ಇಡೀ ಓಣಿಗೆ ಶಿಕ್ಷೆ. ನಕ್ಕಿದ್ದ ಹೆಂಗಸರೇ ಆಮೇಲೆ ಬಂದು, "ನಿನ್ನ ನಾಲಿಗಿ ಸಲುವಾಗಿ ನಮ್ಮ ಮಕ್ಕಳು ನೀರಡಿಸಿ ಸಾಯ್ಲಿಕತ್ಯಾವ ನೋಡು ಕಾಶಿಬಾಯಿ" ಎಂದು ಜಗಳ ತೆಗೆದರು. ದಬ್ಬಾಳಿಕೆ ಮಾಡುವವನ ಮೇಲೆ ಬರದ ಸಿಟ್ಟು ಅದನ್ನು ಹೆಸರಿಟ್ಟು ಕರೆದವರ ಮೇಲೆ ಎಷ್ಟು ಸಲೀಸಾಗಿ ಬರುತ್ತದೆ ಎಂಬುದನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಹೊಸ್ತಿಲಲ್ಲೇ.

ಅದೇ ವಾರ ಗ್ರಾಮ ಪಂಚಾಯಿತಿ ಚುನಾವಣೆಗೆ ಅರ್ಜಿ ತೆಗೆದುಕೊಳ್ಳುವುದು ಶುರುವಾಯಿತು. ನಮ್ಮ ಭಾಗದ ಸ್ಥಾನ ಮಹಿಳೆಗೆ ಮೀಸಲು. ಹಿಂದಿನ ಸಲವೂ ಹಾಗೇ ಇತ್ತು. ಈ ಸಲವೂ ನಿಂತಿದ್ದ ಸಾಹುಕಾರರ ಹೆಂಡತಿ ಗೌರಮ್ಮ ಆಗ ಅವಿರೋಧವಾಗಿ ಆರಿಸಿ ಬಂದಿದ್ದರು. ಅವಿರೋಧ! ಮುಂದೆ ವಿಶ್ವವಿದ್ಯಾಲಯದಲ್ಲಿ ಸ್ಥಳೀಯ ಆಡಳಿತದ ಪಾಠ ಕೇಳುವಾಗ ಈ ಶಬ್ದವನ್ನು ಗ್ರಾಮೀಣ ಸಾಮರಸ್ಯದ ಲಕ್ಷಣವೆಂದು ವಿವರಿಸಿದವರಿದ್ದರು. ನನ್ನ ಕಣ್ಣ ಮುಂದೆ ಬಂದದ್ದು ಒಂದು ಕರಪತ್ರ: ಮೂಲೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದ ಗೌರಮ್ಮನ ಅಂಚೆಚೀಟಿಯಷ್ಟು ಮುಖ, ನಡುವೆ ಕೈಮುಗಿದ ಸಾಹುಕಾರರ ಆಳೆತ್ತರದ ದೇಹ. ವಿರೋಧವಿಲ್ಲದ ಊರು ಎಂದರೆ ವಿರೋಧಿಸುವ ಮನೆಗೆ ನೀರಿಲ್ಲದ ಊರು. ಇದನ್ನು ಯಾವ ಪಠ್ಯದಲ್ಲೂ ಅಚ್ಚು ಹಾಕುವುದಿಲ್ಲ.

"ನಾ ಫಾರಂ ಹಾಕ್ತೀನಿ" ಎಂದಳು ಅತ್ತೆ, ರೊಟ್ಟಿ ಮುರಿಯುತ್ತಾ.

ಅಪ್ಪನ ಕೈಯ ತುತ್ತು ನಿಂತಿತು. ಅವನು ಸಾಹುಕಾರರ ಖಣಿಯಲ್ಲೇ ಕಲ್ಲು ಎತ್ತುತ್ತಿದ್ದವನು. "ಅಕ್ಕಾ, ನಾಳಿ ನನ್ನ ಖಣ್ಯಾಗ ಕಾಲಿಡಗೊಡ್ತಾರೇನು?"

"ಕಲ್ಲು ಎತ್ತಲಿಕ್ಕ ಅವರಿಗಿ ನಿನ್ನ ಬೆನ್ನು ಬೇಕು ತಮ್ಮಾ. ನನ್ನ ಫಾರಂ ನೋಡಿ ಕಲ್ಲೇನು ಹಗುರ ಆಗೂದಿಲ್ಲ."

ಅರ್ಜಿಗೆ ಸೂಚಕರೊಬ್ಬರು ಬೇಕಿತ್ತು. ಓಣಿಯ ಗಂಡಸರಿಗೆಲ್ಲ ಅಂದೇ ಬೇರೆ ಊರಿನಲ್ಲಿ ಕೆಲಸ ಬಂತು. ಕೊನೆಗೆ ಬಂದವಳು ಪಕ್ಕದ ಮನೆಯ ಮುದುಕಿ ಮೈಬೂಬಿ. "ನಡಿ, ಅಂಗೂಠಾ ನಾ ಒತ್ತತೀನಿ. ಖಣ್ಯಾಗ ನನಗೇನ್ ಗಂಡ ಇಲ್ಲ, ಮಗ ಇಲ್ಲ. ಇರೂದು ಒಂದ್ ಆಡು. ಅದನ್ನೇನ್ ಕೆಲಸದಿಂದ ತಗೀತಾರ?"

ಸುದ್ದಿ ಸಾಹುಕಾರರು ಕೂರುವ ಊರ ಕಟ್ಟೆಗೆ ತಲುಪಿತು. ಮರುದಿನ ಅತ್ತೆಯೊಂದಿಗೆ ನಾನು ಚುರುಮುರಿ ಚೀಲ ತರಲು ಆ ದಾರಿಯಲ್ಲಿ ಹೋಗುವಾಗ ಸಾಹುಕಾರರು ತಮ್ಮ ಬಳಗದ ನಡುವೆ ಕುಳಿತಿದ್ದರು. ಬಿಳಿ ಅಂಗಿ, ಬಾಯಲ್ಲಿ ಎಲೆ ಅಡಿಕೆ.

"ಏನ್ ಕಾಶಿಬಾಯಿ, ಮಿರ್ಚಿ ಮಾರಾಕಿ ಮೆಂಬರ್ ಆದ್ರ ಮೀಟಿಂಗಿನ್ಯಾಗ ನಮಗ ಚಹಾ ಯಾರ್ ಕೊಡ್ತಾರ?"

"ಮೀಟಿಂಗಿಗಿ ಬಂದವರು ಚಹಾ ಕೇಳ್ಬೇಕ್ರಿ ಸಾವ್ಕಾರ್ರ. ಮೆಂಬರ್ ಆದಾಕಿ ನಿಮ್ಮ ಮನ್ಯಾಕಿ. ಆಕಿ ಒಂದರ ಮೀಟಿಂಗ್ ಕಂಡಾಳೇನ್ರಿ?"

"ಆಕಿ ಯಾಕ ಬರ್ಬೇಕು? ನಾ ಇಲ್ಲೇನು?"

"ಅದಕ್ಕ ಅಂತೀನಿ, ನೀವ ಸೀರಿ ಉಟ್ಟು ಫಾರಂ ಹಾಕ್ರಿ. ಬರೋಬ್ಬರಿ ಆಗ್ತದ."

ಬಳಗದಲ್ಲಿ ಒಬ್ಬ ನಗೆ ತಡೆಯಲಾಗದೆ ಕೆಮ್ಮಿದ. ಸಾಹುಕಾರರು ಅವನ ಕಡೆಗೆ ನೋಡಿದರು, ಕೆಮ್ಮು ನಿಂತಿತು. "ನಿನಗ ಏನ್ ಬೇಕು ಹೇಳು" ಎಂದು ಅತ್ತೆಯನ್ನು ಕೇಳಿದರು, ಕೊಳ್ಳಲು ಬಂದವನ ದನಿಯಲ್ಲಿ.

"ಏನೂ ಬ್ಯಾಡ್ರಿ. ಸ್ವಿಚ್ಚಿನ ಡಬ್ಬಿ ನಿಮ್ಮ ಗ್ವಾಡಿ ದಾಟಿ ಓಣಿಗಿ ಬರ್ಬೇಕು. ಅಷ್ಟ."

ಒಂದು ಡಬ್ಬಿಯನ್ನು ಒಂದು ಗೋಡೆಯ ಈಚೆಗೆ ತರುವುದು. ಒಂದು ಚುನಾವಣೆಯ ಇಡೀ ಪ್ರಣಾಳಿಕೆ ಅದೇ ಆಗಿತ್ತು. ಅಷ್ಟು ಸಣ್ಣ ಬೇಡಿಕೆಗೆ ಅಷ್ಟು ದೊಡ್ಡ ಮನುಷ್ಯ ಅಷ್ಟೊಂದು ಹೆದರಿದ್ದು ಏಕೆ? ಡಬ್ಬಿ ಹೊರಗೆ ಬಂದ ಮರುಗಳಿಗೆ ತಾನು ಬರಿಯ ಒಬ್ಬ ಕಲ್ಲಿನ ವ್ಯಾಪಾರಿ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅರ್ಜಿ ಹಿಂತೆಗೆಯುವ ಕೊನೆಯ ದಿನದ ಹಿಂದಿನ ಸಂಜೆ ಅವರು ಮಾಡಿದ ಉಪಾಯವನ್ನು ನೆನೆದರೆ ನನಗೆ ಇಂದಿಗೂ ಹೇಸಿಗೆಯಾಗುತ್ತದೆ. ಅದರ ಜಾಣತನಕ್ಕಾಗಿ ಇನ್ನೂ ಹೆಚ್ಚು. ನಮ್ಮ ಓಣಿಗೆ ಎಂದೂ ಕಾಲಿಡದ ಗೌರಮ್ಮ ಮೇಲಿನ ಓಣಿಯ ಮುತ್ತೈದೆಯರೊಂದಿಗೆ ನಮ್ಮ ಮನೆಯ ಮುಂದೆ ಬಂದು ನಿಂತರು. ಕೈಯಲ್ಲಿ ಹರಿವಾಣ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಹಸಿರು ಕುಪ್ಪಸದ ಖಣ. ಹಿಂದೆ ಸಾಹುಕಾರರು, ಅವರ ಹಿಂದೆ ಪೇಟೆಯಿಂದ ಕರೆಸಿದ ಫೋಟೋದವನು. ಅತ್ತೆಗೆ ಉಡಿ ತುಂಬಲು ಬಂದಿದ್ದರು.

ಗಂಡ ಸತ್ತವಳಿಗೆ ನಮ್ಮ ಕಡೆ ಯಾರೂ ಉಡಿ ತುಂಬುವುದಿಲ್ಲ. ಮದುವೆ, ಸೀಮಂತಗಳಲ್ಲಿ ಹೆಂಗಸರು ಸಾಲಾಗಿ ಸೆರಗೊಡ್ಡಿ ಕೂರುವಾಗ ಅತ್ತೆ ಅಡುಗೆಯ ಕಡೆಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದಳು. ಹೋಗು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಉಡಿ ತುಂಬಿದರೆಂದರೆ ಆ ಮನೆಯ ಮಗಳಾದಂತೆ. ಮಗಳಾದವಳು ತವರಿನ ವಿರುದ್ಧ ನಿಲ್ಲುವಂತಿಲ್ಲ. ಲೆಕ್ಕ ಇಷ್ಟೇ. ಬೆದರಿಕೆಯಲ್ಲ, ಹಣವಲ್ಲ, ಅವಳಿಗೆ ಇಡೀ ಆಯುಷ್ಯ ನಿರಾಕರಿಸಿದ ಒಂದು ಹಿಡಿ ಅಕ್ಕಿ.

"ಶರಣರು ಸೂತಕ ಇಲ್ಲಂತ ಹೇಳ್ಯಾರ. ನಾವು ಅವರ ದಾರ್ಯಾಗ ನಡ್ಯೂ ಮಂದಿ" ಎಂದು ಸಾಹುಕಾರರು ಎಲ್ಲರಿಗೂ ಕೇಳುವಂತೆ ಹೇಳಿದರು. ಶರಣರು ಅವರಿಗೆ ಆ ಒಂದು ಸಂಜೆ ಮಾತ್ರ ನೆನಪಾಗಿದ್ದರು.

ಆಯಿ ಜ್ವರದ ಹಾಸಿಗೆಯಿಂದ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ಅಳತೊಡಗಿದಳು. ದುಃಖಕ್ಕಲ್ಲ. "ನನ್ನ ಮಗಳಿಗಿ ಉಡಿ ತುಂಬೂದು ನಾ ಸಾಯೂದ್ರಾಗ ನೋಡ್ತೀನಿ ಅಂದ್ಕೊಂಡಿರ್ಲಿಲ್ಲವ್ವ" ಎನ್ನುತ್ತಿದ್ದಳು. ಓಣಿಯ ಹೆಂಗಸರ ಕಣ್ಣುಗಳೂ ಒದ್ದೆಯಾಗಿದ್ದವು. ನೀರಿಲ್ಲದ ಓಣಿಯಲ್ಲಿ ಅಂದು ಕಣ್ಣೀರಿಗೆ ಮಾತ್ರ ಕೊರತೆಯಿರಲಿಲ್ಲ.

ಅತ್ತೆ ಕುಳಿತಳು. ಸೆರಗೊಡ್ಡಿದಳು. ಗೌರಮ್ಮ ಬಗ್ಗಿ ಉಡಿಗೆ ಹಾಕಿದರು. ಅಕ್ಕಿ ಸ್ವಲ್ಪ ಹೊರಗೆ ಚೆಲ್ಲಿತು. ಫೋಟೋದವನು "ಮತ್ತೊಮ್ಮೆ ಹಾಕ್ರಿ ಅಮ್ಮಾರ, ಬರೋಬ್ಬರಿ ಬಂದಿಲ್ಲ" ಎಂದ. ಮತ್ತೊಮ್ಮೆ ಹಾಕಿದರು. ಅತ್ತೆ ತಲೆಯೆತ್ತಲಿಲ್ಲ. ಅವಳ ಕಣ್ಣಿಂದ ಹನಿಯೊಂದು ಆ ಅಕ್ಕಿಯ ಮೇಲೆ ಬಿದ್ದುದನ್ನು ನಾನು ಕಂಡೆ.

"ಇನ್ನ ನೀ ನಮ್ಮ ಮನಿ ಮಗಳು" ಎಂದರು ಸಾಹುಕಾರರು. "ನಾಳಿ ಜೀಪ್ ಕಳಸ್ತೀನಿ. ಫಾರಂ ವಾಪಸ್ ತಗೊಂಡು ಬಾ."

ಅವರು ಹೋದ ಮೇಲೆ ಅಪ್ಪ ನಿಟ್ಟುಸಿರು ಬಿಟ್ಟ. ಎಲ್ಲ ಮುಗಿಯಿತೆಂದು ಅವನಿಗೆ ಸಮಾಧಾನ. ಅತ್ತೆ ಮಾತ್ರ ಉಡಿ ಬಿಚ್ಚಲಿಲ್ಲ. ಆಮೇಲೆ ನನ್ನನ್ನು ಕರೆದು ಒಂದು ಉತ್ತತ್ತಿ ಕೊಟ್ಟಳು. "ತಿನ್ನು. ನಿನ್ನ ಅತ್ತಿ ತವರಮನಿಯಿಂದ ಬಂದದ್ದು" ಎಂದಳು. ಅವಳ ದನಿಯಲ್ಲಿ ಏನಿತ್ತೆಂದು ತಿಳಿಯಲು ನಾನು ಮರುದಿನದ ತನಕ ಕಾಯಬೇಕಾಯಿತು.

ಬೆಳಿಗ್ಗೆ ಜೀಪ್ ಬಂತು. ಅತ್ತೆ ತಲೆ ಬಾಚಿಕೊಂಡು, ಉಡಿಯನ್ನು ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕೈ ಹಿಡಿದು ಹತ್ತಿದಳು. "ಮೊದಲ ತವರಮನಿಗಿ ನಡೀಪ್ಪಾ. ಹಿರೇರ ಕಾಲಿಗಿ ಬಿದ್ದು ಆಮ್ಯಾಲ ಪಂಚಾಯ್ತಿಗಿ ಹೋಗೂಣು" ಎಂದಳು. ಇದರಲ್ಲಿ ಡ್ರೈವರಿಗೆ ತಪ್ಪೇನೂ ಕಾಣಲಿಲ್ಲ. ಜನ್ಮವಿಡೀ ಹೊರಗೆ ನಿಂತು ನಾನು ಕೂಗುತ್ತಿದ್ದ ಗೋಡೆಯೊಳಕ್ಕೆ ಜೀಪ್ ಹಾಗೆಯೇ ಹೋಯಿತು. ಒಳಗೆ ಅಂಗಳ ತೊಳೆದು ತಣ್ಣಗಿತ್ತು. ಬೇವಿನ ನೆರಳು. ತುಂಬಿದ ಹಂಡೆಗಳು, ಒದ್ದೆ ಫರ್ಸಿಯ ಮೇಲೆ ನೀರಿನ ವಾಸನೆ. ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಆಸೆ. ಆ ಕಲ್ಲಿನ ಮೇಲೆ ಅಂಗಾಲಿಟ್ಟು ನಿಂತುಬಿಟ್ಟೆ.

ಅತ್ತೆ ಯಾರ ಕಾಲಿಗೂ ಬೀಳಲಿಲ್ಲ. ನೆಟ್ಟಗೆ ಬೇವಿನ ಮರದ ಕಡೆಗೆ ನಡೆದು, ಡಬ್ಬಿಯ ಬಾಗಿಲು ತೆರೆದು, ಸ್ವಿಚ್ಚು ಒತ್ತಿದಳು. ಡಬ್ಬಿ ಗುಂಯ್ ಎಂದಿತು. ಗೋಡೆಯಾಚೆಯಿಂದ ಓಣಿಯ ಹುಡುಗಿಯರ ಕಿರುಚಾಟ: "ಬಂದ್ವು! ನೀರು ಬಂದ್ವು!"

ಆಳು ಓಡಿ ಬಂದ. "ಏ, ಏ, ಯಾರನ್ನ ಕೇಳಿ ಮುಟ್ಟಿದಿ?"

"ತವರಮನ್ಯಾಗ ಮಗಳು ಯಾರನ್ನ ಕೇಳ್ಬೇಕಪ್ಪಾ?" ಎಂದು ಅತ್ತೆ ಡಬ್ಬಿಯ ಪಕ್ಕದ ಕಟ್ಟೆಯ ಮೇಲೆ ಕುಳಿತಳು.

ಆಳು ಅವಳ ತೋಳಿಗೆ ಕೈ ಹಾಕುವುದರಲ್ಲಿದ್ದ. ಆಗ ಬಾಗಿಲಲ್ಲಿ ಒಂದು ದನಿ ಕೇಳಿಸಿತು. "ಬಿಡು. ಮಗಳು ಬಂದಾಳ." ಗೌರಮ್ಮ. ಐದು ವರ್ಷ ಊರಿನ ಸದಸ್ಯೆಯಾಗಿದ್ದ ಆ ಹೆಣ್ಣು ಕೊಟ್ಟ ಮೊದಲ ಆಜ್ಞೆ ಅದೇ ಇರಬೇಕು. ಒಂದು ತಂಬಿಗೆ ನೀರು ತಂದು ಅತ್ತೆಯ ಮುಂದಿಟ್ಟು, ಡಬ್ಬಿಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: "ಅದು ಒತ್ತಿದ್ರ ಸಾಕೇನು? ನಾ ಒಂದಿನಾನೂ ಮುಟ್ಟಿಲ್ಲವ್ವ. ಅವರು ಮುಟ್ಟಗೊಡೂದಿಲ್ಲ."

ಸಾಹುಕಾರರು ಬಂದರು. ಮುಖ ಕೆಂಪಾಗಿತ್ತು, ದನಿ ಮಾತ್ರ ಮೆತ್ತಗಿತ್ತು; ಏಕೆಂದರೆ ಬಾಗಿಲಲ್ಲಿ ಓಣಿಯ ಹೆಂಗಸರು ಬಂದು ಇಣುಕುತ್ತಿದ್ದರು, ಮತ್ತು ಹಿಂದಿನ ಸಂಜೆಯ ಫೋಟೋ ಆಗಲೇ ಊರಿನ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ಅದನ್ನು ಓಡಾಡಿಸಿದವರು ಅವರೇ. "ಕಾಶಿಬಾಯಿ, ಟೈಮ್ ಆಗ್ಲಿಕತ್ತದ. ಫಾರಂ ವಾಪಸ್..."

"ನಿನ್ನೀನ ಉಡಿ ತುಂಬೀರಿ, ಇವತ್ತ ಖಾಲಿ ಮಾಡು ಅಂತೀರಲ್ರಿ ಎಪ್ಪಾ? ಹೆಂಗಾಗ್ತದ?"

"ನೀ ಮಾತ್ ಕೊಟ್ಟಿದ್ದಿ!"

"ಮಾತ್ ಕೊಟ್ಟವರು ನೀವ್ರಿ. ನಾ ಬರೇ ಸೆರಗೊಡ್ಡೀನಿ."

ಮಧ್ಯಾಹ್ನದ ಗಡುವು ದಾಟುವ ತನಕ ಅತ್ತೆ ಅಲ್ಲಿಂದ ಏಳಲಿಲ್ಲ. ಓಣಿಯ ಬಿಂದಿಗೆಗಳೆಲ್ಲ ತುಂಬಿದವು. ಆಮೇಲೆ ಹಂಡೆ, ಬೋಗುಣಿ, ಕೊನೆಗೆ ಮೈಬೂಬಿಯ ಆಡು ನೀರು ಕುಡಿಯುವ ಒಡಕು ಪಾತ್ರೆ. ಊರಿನ ಮುಂದೆ ಉಡಿ ತುಂಬಿದ ಮಗಳನ್ನು ಊರಿನ ಮುಂದೆಯೇ ಹೊರದಬ್ಬುವ ಧೈರ್ಯ ಆ ಮನೆಗಿರಲಿಲ್ಲ. ಅವಳನ್ನು ಕಟ್ಟಿಹಾಕಲು ತಂದ ಹಗ್ಗದ ಇನ್ನೊಂದು ತುದಿ ತಮ್ಮ ಕೈಗೇ ಸುತ್ತಿಕೊಂಡಿದೆಯೆಂಬುದು ಅವರಿಗೆ ಅಂದು ತಿಳಿಯಿತು.

ಮತದಾನದ ತನಕದ ಆ ದಿನಗಳು ನನ್ನ ಬಾಲ್ಯದ ಅತ್ಯಂತ ಒದ್ದೆ ದಿನಗಳು. ಪ್ರತಿ ಬೆಳಿಗ್ಗೆ ಅತ್ತೆ ತವರಿಗೆ ಹೋಗಿ ಸ್ವಿಚ್ಚು ಒತ್ತಿ ಬರುವಳು. ನಾವು ನಲ್ಲಿಯ ಕೆಳಗೆ ತಲೆಯೊಡ್ಡಿ ಕೇಕೆ ಹಾಕುವೆವು. ಸಂಜೆ ಕಾದ ಫರ್ಸಿಯ ಮೇಲೆ ಒಂದು ಬಿಂದಿಗೆ ನೀರು ಸುರಿದರೆ ಕಲ್ಲು ಚುಂಯ್‌ಗುಟ್ಟಿ ಬಿಡುವ ಆವಿಗೆ ಮಳೆಯ ವಾಸನೆಯಿತ್ತು. ಅತ್ತೆಗೆ ಬಂದ ಚಿಹ್ನೆ ಫ್ಯಾನು. "ಹಗಲೆಲ್ಲಾ ಕರೆಂಟ್ ಇಲ್ಲದ ಓಣಿಗಿ ಫ್ಯಾನ್ ಕೊಟ್ಟಾರ ನೋಡು" ಎಂದು ನಕ್ಕಳು. ನಾವು ಇದ್ದಿಲಿನಿಂದ ಗೋಡೆಗೋಡೆಯ ಮೇಲೆ ಫ್ಯಾನು ಬರೆದೆವು. ಸಾಹುಕಾರರ ಗೋಡೆಯ ಮೇಲೆ ಎಲ್ಲಕ್ಕಿಂತ ದೊಡ್ಡದು.

ಆದರೆ ಅಧಿಕಾರ ಮೂರ್ಖವಾಗಿದ್ದರೂ ಬಹಳ ದಿನ ಮೂರ್ಖವಾಗಿರುವುದಿಲ್ಲ. ಮತದಾನಕ್ಕೆ ಎರಡು ದಿನ ಮುಂಚೆ ಸಾಹುಕಾರರು ನಮ್ಮ ಓಣಿಗೇ ಬಂದು, ನಲ್ಲಿಯ ಪಕ್ಕದಲ್ಲೇ ನಿಂತು ಕೈಮುಗಿದರು.

"ಮಗಳಂತ ಉಡಿ ತುಂಬೀನಿ. ಮಗಳ ಸಲುವಾಗಿ ದಿನಾ ನೀರು ಬಿಟ್ಟೀನಿ. ಬಿಟ್ಟೀನೋ ಇಲ್ಲೋ ನೀವ ಹೇಳ್ರಿ. ಆ ಮಗಳು ಈಗ ನನಗ ಎದುರು ನಿಂತಾಳ. ನಾ ಏನ್ ತಪ್ಪು ಮಾಡೀನಿ?"

ನೀರು ಬಿಟ್ಟೀನಿ! ನಾನು ಅಲ್ಲೇ ನಿಂತಿದ್ದೆ. ಸ್ವಿಚ್ಚು ಒತ್ತಿದ್ದು ಯಾರೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ತೆರೆಯಲಿಲ್ಲ. ಅವರು ಹೋದ ಮೇಲೆ ಎಲ್ಲರೂ ತೆರೆದರು, ಅತ್ತೆಯ ಕಡೆಗೆ.

"ನೀರಂತೂ ಬಂತಲ್ಲ ಕಾಶಿಬಾಯಿ, ಇನ್ನ್ಯಾಕ ಜಗಳ?"

"ಉಡಿ ತುಂಬಿಸ್ಕೊಂಡು ಬೆನ್ನಿಗಿ ಚೂರಿ ಹಾಕಿದ್ರ ಪಾಪ ಹತ್ತತದ."

"ಗಂಡ ಸತ್ತಾಕಿಗಿ ಅಷ್ಟು ಮರ್ಯಾದಿ ಕೊಟ್ಟಾರ. ಬ್ಯಾರೆ ಯಾರ್ ಕೊಡ್ತಿದ್ರು?"

ಈ ಕೊನೆಯ ಮಾತು ಹೇಳಿದವಳು ತನ್ನ ಮಗಳ ಸೀಮಂತದಲ್ಲಿ ಅತ್ತೆಯನ್ನು ಪಾತ್ರೆ ತಿಕ್ಕಲು ಕೂರಿಸಿದವಳೇ. ಅತ್ತೆ ಅವಳನ್ನು ಒಮ್ಮೆ ನೋಡಿ, "ನೀರು ಇವತ್ತ ಬಂದದ. ಸ್ವಿಚ್ ಎಲ್ಲಿ ಅದ?" ಎಂದಷ್ಟೇ ಕೇಳಿದಳು. ಹೆಂಗಸರು ಬಿಂದಿಗೆ ಎತ್ತಿಕೊಂಡು ನಡೆದರು. ಬಿಂದಿಗೆ ತುಂಬಿದವರಿಗೆ ಪ್ರಶ್ನೆಗಳು ಭಾರವಾಗುತ್ತವೆ.

ಆ ಹಸಿರು ಖಣವನ್ನು ಹೊಲಿಸಿ ತೊಟ್ಟುಕೊಂಡು ಅತ್ತೆ ಮತ ಹಾಕಲು ಹೋದಳು. ಚಿತ್ತಾಪುರದಲ್ಲಿ ಎಣಿಕೆ ನಡೆದ ದಿನ ಅಪ್ಪ ಸುದ್ದಿ ತಂದ. ಸೋಲು ಎನ್ನಲೂ ನಾಚಿಕೆಯಾಗುವಂಥ ಸೋಲು. ಅವಳ ನೀರು ಕುಡಿದ ಮನೆಗಳಲ್ಲೂ ಹೆಚ್ಚಿನವು ಅವಳಿಗೆ ಮತ ಹಾಕಿರಲಿಲ್ಲ. ಮೇಲಿನ ಓಣಿಯಲ್ಲಿ ಪಟಾಕಿ ಹಾರಿದವು. ಮಾಲೆ ಬಿದ್ದದ್ದು ಸಾಹುಕಾರರ ಕೊರಳಿಗೆ. ಗೆದ್ದ ಗೌರಮ್ಮ ಎಲ್ಲಿದ್ದರೆಂದು ಕೇಳಿದವರಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಅತ್ತೆ ತವರಿಗೆ ಹೋದಳು. ಹೊಸ ಕಬ್ಬಿಣದ ಗೇಟು, ಅದಕ್ಕೆ ಬೀಗ. ಒಳಗಿನಿಂದ ಆಳು, "ಮಗಳಿಲ್ಲ ಗಿಗಳಿಲ್ಲ, ಹೋಗಬೇ" ಎಂದ. ಅತ್ತೆ ತಿರುಗಿ ಬಂದಳು. ಆ ಸಂಜೆ ಓಣಿಯ ತಾಯಂದಿರು ಬಾಗಿಲಿಗೆ ಬಂದು ಮಕ್ಕಳಿಗೆ ಹೇಳಿದರು: "ಹೋಗ್ರಿ, ಒದರಿ ಬರ್ರಿ." ಎಲ್ಲ ಮಕ್ಕಳೂ ಹೋದರು. ಅಮ್ಮ ನನ್ನ ಮುಖ ನೋಡಿದಳು. ಅತ್ತೆ ಒಲೆಯ ಮುಂದಿನಿಂದಲೇ ಹೇಳಿದಳು: "ಆಕಿ ಒದರೂದಿಲ್ಲ." ಅಂದಿನಿಂದ ನಮ್ಮ ಮನೆಗೆ ನೀರು ಬಂದದ್ದು ದೂರದ ಹಳೆಯ ಖಣಿಯ ಹೊಂಡದಿಂದ, ನಾನೂ ಅತ್ತೆಯೂ ಹೊತ್ತು ತಂದದ್ದು. ಅದು ಉಪ್ಪುಪ್ಪಾಗಿತ್ತು, ಕಲ್ಲಿನ ಪುಡಿ ತಳದಲ್ಲಿ ಕೂರುತ್ತಿತ್ತು. ನನ್ನ ನಾಲಿಗೆಯ ಮೇಲೆ ಆ ರುಚಿ ಇನ್ನೂ ಇದೆ. ಇರಲಿ ಎಂದು ಉಳಿಸಿಕೊಂಡಿದ್ದೇನೆ.

ಈಗ ಆ ಗೋಡೆ ಇಲ್ಲ. ಸಾಹುಕಾರರು ತೀರಿಕೊಂಡರು, ಮಗ ಕಲಬುರಗಿಯಲ್ಲಿದ್ದಾನೆ, ಹಳೆಯ ಮನೆ ಕೆಡವಿ ಕಲ್ಲು ಮಾರಿದ. ಡಬ್ಬಿಯಂತೂ ಅತ್ತೆ ಕೇಳಿದ ಜಾಗಕ್ಕೇ, ಓಣಿಗೇ ಬಂದಿದೆ. ಆದರೆ ಅದರೊಳಗೆ ಒತ್ತಲು ಏನೂ ಇಲ್ಲ. ಮೊಬೈಲಿನಿಂದ ನಡೆಯುವ ಸ್ಟಾರ್ಟರು ಕೂಡಿಸಿದ್ದಾರೆ, ಅದು ಮಗನ ನಂಬರಿಗೆ ಮಾತ್ರ ಓಗೊಡುತ್ತದೆ. ಪಂಚಾಯಿತಿಯ ಮೋಟಾರಿನ ಸಿಮ್ಮು ಖಾಸಗಿ ವ್ಯಕ್ತಿಯೊಬ್ಬನ ಹೆಸರಿನಲ್ಲಿ ಏಕಿದೆ, ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು ಎಂದು ನಾನು ಬರೆದು ಕೇಳಿದ್ದೇನೆ. ಉತ್ತರ ಬಂದಿಲ್ಲ. ಬರುವ ತನಕ ಕೇಳುತ್ತಲೇ ಇರುತ್ತೇನೆ. ಕಳೆದ ಚುನಾವಣೆಯಲ್ಲಿ ನಮ್ಮ ಸ್ಥಾನ ಮತ್ತೆ ಅವಿರೋಧ; ಈ ಸಲ ಮಗನ ಹೆಂಡತಿ.

ಈಚೆಗೆ ಊರಿಗೆ ಹೋದಾಗ ಅತ್ತೆ ಅಂಗಡಿಯಲ್ಲಿದ್ದಳು. ಕಾದ ಬಾಣಲೆ ಇಳಿಸಲು ಅವಳು ಹಿಡಿದಿದ್ದ ಎಣ್ಣೆ ಅರಿವೆ ಎಂದೋ ಹಸಿರಾಗಿತ್ತು. ಬರುವ ಚುನಾವಣೆಗೆ ನೀನೇ ನಿಲ್ಲಬೇಕು ಎಂದೆ.

"ನಿಂತು ಏನ್ ಮಾಡ್ಲಿ? ಅವಾಗ ಗ್ವಾಡಿ ಇತ್ತು, ಗ್ವಾಡಿಗಿ ಬಾಗಿಲಿತ್ತು, ಬಾಗಿಲದಾಗ ಆ ಗೌರಮ್ಮನರ ನಿಂತಿದ್ದಳು. ಹೋಗಿ ಒತ್ತಿದೆ. ಈಗ ಅವನ ಅಂಗಿ ಕಿಸೇದಾಗ ಹೆಂಗ ಹೋಗಿ ಕುಂಡ್ರಲಿ, ಹೇಳು?" ಎಂದು ಮಿರ್ಚಿ ತಿರುವಿದಳು.

ಓಣಿಗೆ ಬಂದೆ. ಬಿಂದಿಗೆಗಳು ಪಾಳಿಯಲ್ಲಿದ್ದವು. ಪಕ್ಕದಲ್ಲಿ ಒಂದು ಹುಡುಗಿ, ಆಗಿನ ನನ್ನಷ್ಟೇ ವಯಸ್ಸಿನವಳು, ಮೊಬೈಲ್ ಕಿವಿಗಿಟ್ಟು, ಒಮ್ಮೆ ರಿಂಗಾದ ಕೂಡಲೇ ಕತ್ತರಿಸಿ, ಮತ್ತೆ ಹಚ್ಚುತ್ತಿದ್ದಳು. ಮಕ್ಕಳು ಕೂಗುತ್ತಿದ್ದ ಸಮಯ ಅದು. ಓಣಿ ಸದ್ದಿಲ್ಲದೆ ಬಿದ್ದಿತ್ತು.

"ಯಾರಿಗೆ ಹಚ್ಚುತ್ತಿದ್ದೀಯವ್ವ?" ಎಂದು ಕೇಳಿದೆ.

"ಯಾರೋ ಗೊತ್ತಿಲ್ರಿ. ಈ ನಂಬರಿಗಿ ಮಿಸ್‌ಕಾಲ್ ಕೊಡ್ತಾ ಇದ್ರ ಯಾವಾಗರ ನೀರು ಬರ್ತಾವ್ರಿ."

ನಮಗಾದರೋ, ಯಾರ ಗೋಡೆಗೆ ಕೂಗುತ್ತಿದ್ದೇವೆಂಬುದು ಗೊತ್ತಿತ್ತು.